ವರ್ಷಕ್ಕೊಂದೆರಡು ಪಂದ್ಯ, ಅದಕ್ಕೂ ಚಿಸೋರಾನೇ ಬೇಕಿತ್ತಾ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕ್ರೀಡಾ ಪುಟದಲ್ಲಿ ಬ್ರಿಟನ್ನಿನ ಬಾಕ್ಸರ್ ಟೈಸನ್ ಫ್ಯೂರಿ ಬಗ್ಗೆ ಬಂದ ಬರಹ ಓದಿದೆ. ನಮ್ಮ ಕಾಲದ ಅತಿ ದೊಡ್ಡ ಹೆವಿವೇಟ್ ಚಾಂಪಿಯನ್ ಅವರೇ ಎಂದು ಬರೆದಿದ್ದೀರಿ. ಕ್ರಿಕೆಟ್ ಬಿಟ್ಟು ಬಾಕ್ಸಿಂಗ್‌ಗೂ ಅಷ್ಟು ಜಾಗ ಕೊಟ್ಟಿದ್ದಕ್ಕೆ ಖುಷಿಯಾಯಿತು. ಆದರೆ ಆ ಮಾತನ್ನು ಒಪ್ಪಲು ಆಗಲಿಲ್ಲ. ಎಷ್ಟು ಗೆದ್ದರು ಎಂದು ಬರೆದಿದ್ದೀರಿ. ಚಾಂಪಿಯನ್ ಪಟ್ಟದ ಬೆಲ್ಟ್ ಕೈಯಲ್ಲಿದ್ದಾಗ ಯಾರನ್ನು ಕರೆದು ಆಡಿದರು, ಯಾರನ್ನು ಕಾಯಿಸಿದರು ಎಂಬುದನ್ನು ಕೇಳಲೇ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ಫ್ಯೂರಿ ಅಂದರೆ ನನಗೆ ಪ್ರೀತಿ ಜಾಸ್ತಿ. 2018ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಡಿಯಾಂಟೆ ವೈಲ್ಡರ್ ಹೊಡೆತಕ್ಕೆ 12ನೇ ರೌಂಡ್‌ನಲ್ಲಿ ಅಂಗಾತ ಬಿದ್ದವರು, ಇನ್ನು ಏಳುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿರುವಾಗ ರೆಫರಿ ಎಣಿಕೆ ಮುಗಿಯುವುದರೊಳಗೆ ಎದ್ದು ನಿಂತರಲ್ಲ, ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಎರಡೂವರೆ ವರ್ಷ ರಿಂಗ್‌ನಿಂದ ದೂರವಿದ್ದು, ಖಿನ್ನತೆ, ಕುಡಿತ ಎಲ್ಲ ದಾಟಿ, ಮೈಯಲ್ಲಿ ಸೇರಿದ್ದ ಕೆಜಿಗಟ್ಟಲೆ ತೂಕ ಇಳಿಸಿ ಬಂದ ಮನುಷ್ಯ. 2020ರ ಫೆಬ್ರವರಿಯಲ್ಲಿ ಅದೇ ವೈಲ್ಡರ್ ಅವರನ್ನು ಏಳನೇ ರೌಂಡ್‌ನಲ್ಲಿ ಮುಗಿಸಿ ಡಬ್ಲ್ಯುಬಿಸಿ ಎಂಬ ವಿಶ್ವ ಬಾಕ್ಸಿಂಗ್ ಸಂಸ್ಥೆಯ ಬೆಲ್ಟ್ ಗೆದ್ದರು. 2021ರ ಅಕ್ಟೋಬರ್‌ನಲ್ಲಿ ಮೂರನೇ ಸಲ ಎದುರಾದಾಗ ನಾಲ್ಕನೇ ರೌಂಡ್ ಒಂದರಲ್ಲೇ ಎರಡು ಬಾರಿ ಬಿದ್ದರು, ಎರಡು ಬಾರಿಯೂ ಎದ್ದರು, 11ನೇ ರೌಂಡ್‌ನಲ್ಲಿ ವೈಲ್ಡರ್ ಅವರನ್ನು ಮಲಗಿಸಿದರು. ಇಂಥ ಗುಂಡಿಗೆ ಇರುವವರಿಗೆ ಸುಲಭದ ಎದುರಾಳಿ ಯಾಕೆ ಬೇಕು? ನನ್ನ ಕೋಪ ಇರುವುದೇ ಇಲ್ಲಿ.

2022ರ ಏಪ್ರಿಲ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ 94,000 ಜನರ ಮುಂದೆ ಡಿಲಿಯನ್ ವೈಟ್ ಜೊತೆ ಆಡಿದರು. ಅದು ಸರಿಯಾದ ಪಂದ್ಯ. ವೈಟ್ ಆ ಅವಕಾಶಕ್ಕೆ ವರ್ಷಗಟ್ಟಲೆ ಕಾದಿದ್ದರು. ಆರನೇ ರೌಂಡ್‌ನಲ್ಲಿ ಸೋತರು, ಆದರೆ ಸರದಿಯಲ್ಲಿ ನಿಂತು ಬಂದು ಸೋತರು.

ಅದಾದ ಮೇಲೆ ಬಂದಿದ್ದು ಬ್ರಿಟನ್ನಿನವರೇ ಆದ ಡೆರೆಕ್ ಚಿಸೋರಾ. 2022ರ ಡಿಸೆಂಬರ್ 3, ಟಾಟನ್‌ಹ್ಯಾಮ್ ಕ್ರೀಡಾಂಗಣ. ಚಿಸೋರಾ ಅವರನ್ನು ಫ್ಯೂರಿ 2011ರಲ್ಲಿ ಒಮ್ಮೆ, 2014ರಲ್ಲಿ ಇನ್ನೊಮ್ಮೆ ಸೋಲಿಸಿದ್ದರು. ಎರಡನೆಯ ಸಲ 10 ರೌಂಡ್ ಆದ ಮೇಲೆ ಚಿಸೋರಾ ಕಡೆಯವರೇ ಸಾಕು ಎಂದು ನಿಲ್ಲಿಸಿದ್ದರು. ಮೂರನೆಯ ಸಲ ಬರುವ ಹೊತ್ತಿಗೆ ಅವರಿಗೆ 38 ವಯಸ್ಸು, ಲೆಕ್ಕದಲ್ಲಿ 12 ಸೋಲು, ಹಿಂದಿನ ನಾಲ್ಕು ಪಂದ್ಯದಲ್ಲಿ ಮೂರು ಸೋಲು. ಇನ್ನೊಬ್ಬ ಬ್ರಿಟಿಷ್ ಬಾಕ್ಸರ್ ಆಂಥನಿ ಜೋಶುವಾ ಜೊತೆ ಮಾತುಕತೆ ಮುರಿದುಬಿದ್ದಿತ್ತು, ನಿಜ. ಉಕ್ರೇನಿನ ಚಾಂಪಿಯನ್ ಒಲೆಕ್ಸಾಂಡರ್ ಉಸಿಕ್ ಆಗಸ್ಟ್‌ನಲ್ಲಷ್ಟೇ ಆಡಿದ್ದರು, ಅದೂ ನಿಜ. ಹಾಗಂತ ಜಗತ್ತಿನಲ್ಲಿ ಬೇರೆ ಯಾರೂ ಇರಲಿಲ್ಲವಾ? ಜೋ ಜಾಯ್ಸ್ ಅದೇ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಜೋಸೆಫ್ ಪಾರ್ಕರ್ ಅವರನ್ನು 11ನೇ ರೌಂಡ್‌ನಲ್ಲಿ ನಾಕೌಟ್ ಮಾಡಿದ್ದರು. ಆಗ ಅವರು ಒಂದೂ ಪಂದ್ಯ ಸೋತಿರಲಿಲ್ಲ. ಆಂಡಿ ರೂಯಿಸ್ ಅದೇ ತಿಂಗಳು ಲೂಯಿಸ್ ಓರ್ಟಿಸ್ ಅವರನ್ನು ಮೂರು ಸಲ ಬೀಳಿಸಿ ಗೆದ್ದಿದ್ದರು.

ಆ ರಾತ್ರಿ ನಾವು ನೋಡಿದ್ದು ಪಂದ್ಯವೇ ಅಲ್ಲ. ಒಬ್ಬ ಧೈರ್ಯವಂತ ಹತ್ತು ರೌಂಡ್ ಹೊಡೆತ ತಿಂದಿದ್ದನ್ನು ನೋಡಿದೆವು. ಚಿಸೋರಾ ಅವರ ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಕೊನೆಗೆ ಹತ್ತನೇ ರೌಂಡ್‌ನಲ್ಲಿ ರೆಫರಿ ತಡೆದರು. ಎದುರಾಳಿಯ ಆಯ್ಕೆ ಬರೀ ಗೌರವದ ಮಾತು ಅಂತ ನನಗೆ ಅನ್ನಿಸುವುದಿಲ್ಲ. ಅಸಮ ಜೋಡಿ ಆದರೆ ಒಬ್ಬರ ತಲೆಗೆ ಬೀಳುವ ಏಟು ಎಷ್ಟು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಹಣ ಬಂತು, ಜನ ಬಂದರು, ಮುಗಿಯಿತು.

ನಾನು ಮೈಸೂರಿನವನು. ದಸರಾ ಕುಸ್ತಿ ನೋಡುತ್ತಾ ಬೆಳೆದವನು. ನಮ್ಮಲ್ಲಿ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಪದ್ಧತಿ ಇದೆ. ಪೈಲ್ವಾನರು ಬಂದು ನಿಲ್ಲುತ್ತಾರೆ. ತಿಳಿದವರು ಅವರ ಮೈಕಟ್ಟು, ತೂಕ, ಹಿಂದೆ ಯಾರ ಜೊತೆ ಹಿಡಿದಿದ್ದಾರೆ ಎಲ್ಲ ನೋಡಿ, ಸಮಕ್ಕೆ ಸಮ ಅನ್ನಿಸಿದರೆ ಮಾತ್ರ ಜೋಡಿ ಕಟ್ಟುತ್ತಾರೆ. ಪೈಲ್ವಾನ ಎಷ್ಟೇ ದೊಡ್ಡವನಾದರೂ ತನಗೆ ಬೇಕಾದವನನ್ನು ತಾನೇ ಆರಿಸಿಕೊಂಡು ಬಂದರೆ ಜನ ಒಪ್ಪುವುದಿಲ್ಲ. ಬಾಕ್ಸಿಂಗ್‌ನಲ್ಲಿ ಈ ಕೆಲಸ ಮಾಡಬೇಕಾದವು ಡಬ್ಲ್ಯುಬಿಸಿ, ಡಬ್ಲ್ಯುಬಿಎ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳು. ಒಬ್ಬ ಕಡ್ಡಾಯ ಎದುರಾಳಿಯನ್ನು ಗೊತ್ತು ಮಾಡಿ, ಇಷ್ಟರೊಳಗೆ ಆಡು, ಇಲ್ಲದಿದ್ದರೆ ಬೆಲ್ಟ್ ಬಿಡು ಎನ್ನುವ ನಿಯಮ ಅವುಗಳಲ್ಲಿ ಇದೆ. ಆದರೆ ಬೆಲ್ಟ್ ಪಂದ್ಯದಲ್ಲಿ ಬರುವ ಹಣದಲ್ಲಿ ಒಂದು ಪಾಲು ಈ ಸಂಸ್ಥೆಗಳಿಗೇ ಹೋಗುತ್ತದೆ. ಹೀಗಿರುವಾಗ ಜನ ಸೇರಿಸುವ ಚಾಂಪಿಯನ್‌ಗೆ ಅವರು ಗದರುವುದಾದರೂ ಹೇಗೆ?

ಫ್ಯೂರಿ ಅವರ ಇನ್ನೊಂದು ಪಂದ್ಯದ ವಿಷಯಕ್ಕೆ ಬರುತ್ತೇನೆ. 2023ರ ದಸರಾ ಮುಗಿದು ವಾರವೂ ಆಗಿರಲಿಲ್ಲ. ರಿಯಾದ್‌ನಲ್ಲಿ ಅಕ್ಟೋಬರ್ 28ರ ರಾತ್ರಿ, ನಮಗೆ 29ರ ಬೆಳಗಿನ ಜಾವ, ಫ್ಯೂರಿ ಎದುರು ನಿಂತವರು ಫ್ರಾನ್ಸಿಸ್ ಎನ್‌ಗಾನು. ಕ್ಯಾಮರೂನ್‌ನಲ್ಲಿ ಕಡುಬಡತನದಲ್ಲಿ ಬೆಳೆದವರು, ಗುದ್ದು, ಒದೆತ, ಕುಸ್ತಿ ಎಲ್ಲ ಬೆರೆತ ಯುಎಫ್‌ಸಿ ಎಂಬ ಕೂಟದಲ್ಲಿ ಹೆವಿವೇಟ್ ಚಾಂಪಿಯನ್ ಆಗಿದ್ದವರು, ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅದು ಅವರ ಮೊಟ್ಟಮೊದಲ ಪಂದ್ಯ! ಮೂರನೇ ರೌಂಡ್‌ನಲ್ಲಿ ಅವರು ಫ್ಯೂರಿಯನ್ನು ನೆಲಕ್ಕೆ ಕೆಡವಿದರು. ಹತ್ತು ರೌಂಡ್ ಮುಗಿದಾಗ ಇಬ್ಬರು ಜಡ್ಜ್‌ಗಳು ಫ್ಯೂರಿ ಎಂದರು, ಒಬ್ಬರು ಎನ್‌ಗಾನು ಎಂದರು. ಬೆಲ್ಟ್ ಅಂತೂ ಪಣಕ್ಕೆ ಇರಲಿಲ್ಲ. ಕೆಲವರು ಇದನ್ನೇ ಹಿಡಿದು, ನೋಡಿ, ಎನ್‌ಗಾನು ಯೋಗ್ಯ ಎದುರಾಳಿಯೇ ಆಗಿದ್ದರು ಎನ್ನುತ್ತಾರೆ. ಐದು ತಿಂಗಳೂ ಆಗುವ ಮುಂಚೆ ಜೋಶುವಾ ಅದೇ ಎನ್‌ಗಾನು ಅವರನ್ನು ಎರಡನೇ ರೌಂಡ್‌ನಲ್ಲಿ ನಾಕೌಟ್ ಮಾಡಿದರು. ಅಂದರೆ ಎನ್‌ಗಾನು ಅಷ್ಟು ಎತ್ತರಕ್ಕೆ ಏರಿದ್ದಲ್ಲ, ಫ್ಯೂರಿ ಅಷ್ಟು ಕೆಳಗೆ ಇಳಿದಿದ್ದರು. ಸಮಬಲದವರ ಜೊತೆ ಆಡದಿದ್ದರೆ ಕೈ ಜಡ್ಡುಗಟ್ಟುತ್ತದೆ. ವೈಟ್ ಜೊತೆಗಿನ ಪಂದ್ಯ ಬಿಟ್ಟರೆ ಫ್ಯೂರಿಗೆ ಎರಡು ವರ್ಷ ಒಳ್ಳೆಯ ಪರೀಕ್ಷೆಯೇ ಆಗಿರಲಿಲ್ಲ.

ಆ ಎರಡು ವರ್ಷ ಕಾಯುತ್ತಾ ಇದ್ದವರು ಉಸಿಕ್. 2023ರ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ಇಬ್ಬರೂ ಆಡುವ ಮಾತಿತ್ತು. ಹಣದಲ್ಲಿ ನನಗೆ 70, ನಿನಗೆ 30 ಎಂದು ಫ್ಯೂರಿ ಕೇಳಿದರು. ಉಳಿದ ಮೂರು ಬೆಲ್ಟ್ ತಮ್ಮ ಕೈಯಲ್ಲೇ ಇದ್ದರೂ ಉಸಿಕ್ ಒಪ್ಪಿಕೊಂಡರು. ಯುದ್ಧದಲ್ಲಿ ನರಳುತ್ತಿರುವ ಉಕ್ರೇನ್ ಜನಕ್ಕೆ 10 ಲಕ್ಷ ಪೌಂಡ್ ಕೊಡಿ, ಅಷ್ಟು ಸಾಕು ಎಂದರು. ಆಮೇಲೆ ಮರುಪಂದ್ಯದ ಷರತ್ತು, ಅದು ಇದು ಎಂದು ಮಾತು ಮುರಿಯಿತು. ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಹೇಳಿದರು. ತಪ್ಪು ಯಾರದೇ ಇರಲಿ, 70 ಪಾಲು ಸಿಕ್ಕ ಮೇಲೂ ಪಂದ್ಯ ನಡೆಯಲಿಲ್ಲ ಎಂದರೆ ನಾನು ಏನೆಂದುಕೊಳ್ಳಬೇಕು?

ಈಗ ನೀವು ಕೇಳಬಹುದು, ಹಳಬರೆಲ್ಲ ಸಾಚಾನಾ? ಅಮೆರಿಕದ ಹಳೆಯ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ ಕೂಡ ಸುಲಭದವರನ್ನೇ ಹೊಡೆದು ಹಾಕಲಿಲ್ಲವಾ? ಒಳ್ಳೆಯ ಪ್ರಶ್ನೆ, ನಾನು ಇದನ್ನೇ ಬಹಳ ದಿನ ಯೋಚಿಸಿದ್ದೇನೆ. 1940ರ ಡಿಸೆಂಬರ್‌ನಿಂದ 1941ರ ಜೂನ್‌ವರೆಗೆ, ಏಳು ತಿಂಗಳಲ್ಲಿ ಏಳು ಸಲ ಲೂಯಿಸ್ ತಮ್ಮ ಪಟ್ಟವನ್ನು ಪಣಕ್ಕೆ ಇಟ್ಟರು. ತಿಂಗಳಿಗೊಬ್ಬ ಕೈಲಾಗದವನನ್ನು ಹಿಡಿದು ಹೊಡೆಯುತ್ತಿದ್ದಾರೆ ಎಂದು ಅಮೆರಿಕದ ಪತ್ರಿಕೆಯವರು ಆಡಿಕೊಂಡರು. ಆದರೆ ಸ್ವಲ್ಪ ಹತ್ತಿರದಿಂದ ನೋಡಿ. ಮೇ ತಿಂಗಳಲ್ಲಿ ಬಂದ ಬಡ್ಡಿ ಬೇರ್ ಮೊದಲ ರೌಂಡ್‌ನಲ್ಲೇ ಲೂಯಿಸ್ ಅವರನ್ನು ಹಗ್ಗದಾಚೆ ಕೆಡವಿದ್ದರು. ಜೂನ್‌ನಲ್ಲಿ ಬಂದ ಬಿಲ್ಲಿ ಕಾನ್ ಲೂಯಿಸ್‌ಗಿಂತ ಎಷ್ಟೋ ಹಗುರ. ಆದರೂ 12 ರೌಂಡ್ ಮುಗಿದಾಗ ಅಂಕದಲ್ಲಿ ಮುಂದಿದ್ದರು. 13ನೇ ರೌಂಡ್‌ನಲ್ಲಿ ನಾಕೌಟ್ ಮಾಡಿ ಲೂಯಿಸ್ ಪಟ್ಟ ಉಳಿಸಿಕೊಂಡರು. ತಿಂಗಳು ತಿಂಗಳೂ ರಿಂಗ್‌ಗೆ ಇಳಿಯುವವರಿಗೆ ನಡುವೆ ಒಬ್ಬಿಬ್ಬರು ದುರ್ಬಲರು ಬಂದರೆ ಏನೂ ತಪ್ಪಿಲ್ಲ. ಒಳ್ಳೆಯವರ ಸರದಿಯೂ ಬೇಗ ಬರುತ್ತದೆ, ಯಾರೂ ಕಾದು ಮುದುಕರಾಗುವುದಿಲ್ಲ. ಲೂಯಿಸ್ ಒಟ್ಟು 25 ಸಲ ಪಟ್ಟ ಉಳಿಸಿಕೊಂಡರು.

ಫ್ಯೂರಿ ಲೆಕ್ಕ ನೋಡಿ. 2020ರ ಫೆಬ್ರವರಿಯಲ್ಲಿ ಬೆಲ್ಟ್ ಗೆದ್ದರು, 2024ರ ಮೇ ತಿಂಗಳಲ್ಲಿ ಕಳೆದುಕೊಂಡರು. ನಾಲ್ಕು ವರ್ಷ ದಾಟಿತು. ಅಷ್ಟರಲ್ಲಿ ಬೆಲ್ಟ್ ಪಣಕ್ಕಿಟ್ಟು ಗೆದ್ದಿದ್ದು ಮೂರೇ ಸಲ: ವೈಲ್ಡರ್, ವೈಟ್, ಚಿಸೋರಾ. ನಡುವೆ ಕೊರೊನಾ ಬಂತು, ವೈಲ್ಡರ್ ಜೊತೆಗಿನ ಒಪ್ಪಂದದ ಜಗಳ ಇತ್ತು, ಅದನ್ನೆಲ್ಲ ಬಿಟ್ಟುಕೊಡೋಣ. ಆದರೂ ಮೂರರಲ್ಲಿ ಒಂದನ್ನು ಹಿಂದೆ ಎರಡು ಸಲ ಸೋಲಿಸಿದವರಿಗೆ ಕೊಟ್ಟರೆ ಅದು ಸಣ್ಣ ವಿಷಯ ಅಲ್ಲ. ಪಂದ್ಯ ಕಡಿಮೆ ಆದಷ್ಟೂ ಒಂದೊಂದು ಆಯ್ಕೆಯ ಭಾರ ಜಾಸ್ತಿ ಆಗುತ್ತದೆ ಅಲ್ವಾ? ನಾನು ಹೇಳಬೇಕಾಗಿದ್ದ ಮುಖ್ಯ ಮಾತು ಇದೇ.

ಅಮೆರಿಕದ ಬಾಕ್ಸರ್ ರಿಡಿಕ್ ಬೋ ಕಥೆ ನೆನಪಿದೆಯಾ? 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಲೆನಾಕ್ಸ್ ಲೂಯಿಸ್ ಅವರು ಬೋ ಅವರನ್ನು ಎರಡನೇ ರೌಂಡ್‌ನಲ್ಲಿ ಸೋಲಿಸಿದ್ದರು. ನಾಲ್ಕು ವರ್ಷದ ನಂತರ, 1992ರ ನವೆಂಬರ್‌ನಲ್ಲಿ, ಬೋ ಅವರು ಇವಾಂಡರ್ ಹೋಲಿಫೀಲ್ಡ್ ಮೇಲೆ ಅದ್ಭುತವಾಗಿ ಆಡಿ ವಿಶ್ವ ಚಾಂಪಿಯನ್ ಆದರು. ಮುಂದಿನ ಸರದಿ ಲೆನಾಕ್ಸ್ ಲೂಯಿಸ್ ಅವರದು. ಬೋ ಏನು ಮಾಡಿದರು? ಲಂಡನ್ನಿನಲ್ಲಿ ಪತ್ರಕರ್ತರ ಮುಂದೆಯೇ ಡಬ್ಲ್ಯುಬಿಸಿ ಬೆಲ್ಟ್ ಎತ್ತಿ ಕಸದ ಡಬ್ಬಿಗೆ ಹಾಕಿದರು. ಆಮೇಲೆ ಆಡಿದ್ದು ಮೈಕಲ್ ಡೋಕ್ಸ್ ಜೊತೆ, ಮೊದಲ ರೌಂಡ್‌ನಲ್ಲೇ ಮುಗಿಯಿತು. ಆಮೇಲೆ ಜೆಸ್ಸಿ ಫರ್ಗುಸನ್, ಎರಡನೇ ರೌಂಡ್‌ನಲ್ಲಿ ಮುಗಿಯಿತು. ನವೆಂಬರ್‌ನಲ್ಲಿ ಮತ್ತೆ ಹೋಲಿಫೀಲ್ಡ್ ಬಂದಾಗ ಬೋ ಸೋತರು. ವರ್ಷ ಪೂರ್ತಿ ಚಾಂಪಿಯನ್ ಆಗಿದ್ದು ಅವರು ಆಡಿದ್ದು ಮೂರೇ ಮೂರು ರೌಂಡ್! ಬೋ ಮತ್ತು ಲೆನಾಕ್ಸ್ ಲೂಯಿಸ್ ವೃತ್ತಿಪರ ರಿಂಗ್‌ನಲ್ಲಿ ಯಾವತ್ತೂ ಎದುರಾಗಲೇ ಇಲ್ಲ. ಬೋ ಅಷ್ಟು ಚೆನ್ನಾಗಿ ಆಡುತ್ತಿದ್ದರು, ಆದರೂ ಇವತ್ತು ಅವರ ಹೆಸರು ಎತ್ತಿದರೆ ಜನಕ್ಕೆ ಮೊದಲು ಆ ಕಸದ ಡಬ್ಬಿಯೇ ನೆನಪಾಗುತ್ತದೆ. ನನಗೆ ಅದು ತುಂಬಾ ಬೇಸರದ ವಿಷಯ.

ಮುಹಮ್ಮದ್ ಅಲಿ ಕೂಡ 1976ರಲ್ಲಿ ಟೋಕಿಯೊದಲ್ಲಿ ಕುಸ್ತಿಪಟು ಆಂಟೋನಿಯೊ ಇನೋಕಿ ಜೊತೆ 15 ರೌಂಡ್ ನಿಂತರು, ಇನೋಕಿ ನೆಲದಲ್ಲಿ ಮಲಗಿಕೊಂಡೇ ಅಲಿ ಕಾಲಿಗೆ ಒದೆಯುತ್ತಿದ್ದರು. ಆದರೆ ಅಲಿ ಅದೇ ವರ್ಷ ಜಿಮ್ಮಿ ಯಂಗ್, ಕೆನ್ ನಾರ್ಟನ್ ಎಲ್ಲರ ಜೊತೆಯೂ ಆಡಿದರು. ಲೆಕ್ಕ ಸರಿಹೋಯಿತು.

ಉಸಿಕ್ ಹೇಗೆ ಆಯ್ಕೆ ಮಾಡಿದರು ಎಂದು ನೋಡಿದರೆ ನನ್ನ ಮಾತು ಇನ್ನೂ ಸ್ಪಷ್ಟ ಆಗುತ್ತದೆ. ಹೆವಿವೇಟ್‌ಗೆ ಬರುವ ಮುಂಚೆ, ಅದಕ್ಕಿಂತ ಹಗುರ ತೂಕದವರ ಕ್ರೂಸರ್‌ವೇಟ್‌ನಲ್ಲಿ ಅವರು ಪೋಲೆಂಡಿನ ಗ್ಲೊವಾಟ್ಸ್ಕಿಯನ್ನು ಪೋಲೆಂಡಿನಲ್ಲೇ, ಜರ್ಮನಿಯ ಮಾರ್ಕೊ ಹುಕ್ ಅವರನ್ನು ಬರ್ಲಿನ್‌ನಲ್ಲಿ, ಲಾಟ್ವಿಯಾದ ಬ್ರೀಡಿಸ್ ಅವರನ್ನು ರೀಗಾದಲ್ಲಿ, ರಷ್ಯಾದ ಗಾಸಿಯೇವ್ ಅವರನ್ನು ಮಾಸ್ಕೊದಲ್ಲಿ, ಇಂಗ್ಲೆಂಡಿನ ಟೋನಿ ಬೆಲ್ಯೂ ಅವರನ್ನು ಮ್ಯಾಂಚೆಸ್ಟರ್‌ನಲ್ಲಿ ಸೋಲಿಸಿದರು. ಎಲ್ಲರನ್ನೂ ಅವರವರ ದೇಶಕ್ಕೇ ಹೋಗಿ, ಅವರವರ ಜನರ ಮುಂದೆಯೇ. ಹೆವಿವೇಟ್‌ಗೆ ಬಂದ ಮೇಲೂ ಜೋಶುವಾ ಅವರನ್ನು 2021ರಲ್ಲಿ ಲಂಡನ್ನಿನಲ್ಲೇ ಸೋಲಿಸಿದರು. ಕೊನೆಗೆ 2024ರ ಮೇ 18ರಂದು ರಿಯಾದ್‌ನಲ್ಲಿ ಫ್ಯೂರಿ ಸಿಕ್ಕರು. ಒಂಬತ್ತನೇ ರೌಂಡ್‌ನಲ್ಲಿ ಫ್ಯೂರಿ ತೂರಾಡಿ ಹಗ್ಗಕ್ಕೆ ಬಿದ್ದಾಗ ರೆಫರಿ ನಡುವೆ ಬಂದು ಎಣಿಸಿದರು. ಇಬ್ಬರು ಜಡ್ಜ್‌ಗಳ ಲೆಕ್ಕದಲ್ಲಿ ಉಸಿಕ್ ಗೆದ್ದರು. 1999ರ ನಂತರ ಹೆವಿವೇಟ್‌ನಲ್ಲಿ ಎಲ್ಲ ಬೆಲ್ಟ್‌ಗೂ ಒಬ್ಬರೇ ಒಡೆಯರಾಗಿದ್ದು ಅದೇ ಮೊದಲು. ಡಿಸೆಂಬರ್‌ನ ಮರುಪಂದ್ಯದಲ್ಲಿ ಮೂವರೂ ಜಡ್ಜ್‌ಗಳು 116-112 ಎಂದು ಉಸಿಕ್‌ಗೇ ಕೊಟ್ಟರು.

ಹಾಗಂತ ಉಸಿಕ್‌ಗೆ ಬೇರೆ ತಕ್ಕಡಿ ಇಡುವುದಿಲ್ಲ. 2025ರ ಜುಲೈನಲ್ಲಿ ವೆಂಬ್ಲಿಯಲ್ಲಿ ಡೇನಿಯಲ್ ಡುಬೋಯಿಸ್ ಅವರನ್ನು ಐದನೇ ರೌಂಡ್‌ನಲ್ಲಿ ಮಲಗಿಸಿ ಮತ್ತೆ ನಾಲ್ಕೂ ಬೆಲ್ಟ್ ಗೆದ್ದರು. ಆದರೆ ಡಬ್ಲ್ಯುಬಿಒ ಕಡ್ಡಾಯ ಎದುರಾಳಿಯ ಜೊತೆ ಆಡದೆ ನವೆಂಬರ್‌ನಲ್ಲಿ ಆ ಬೆಲ್ಟ್ ಬಿಟ್ಟುಕೊಟ್ಟರು. ಆ ಎದುರಾಳಿ, ಬ್ರಿಟನ್ನಿನ ಫೇಬಿಯೊ ವಾರ್ಡ್ಲಿ, ರಿಂಗ್‌ಗೆ ಇಳಿಯದೆಯೇ ಚಾಂಪಿಯನ್ ಆದರು. ಪಾರ್ಕರ್ ಅವರನ್ನು ಸೋಲಿಸಿ ಬಂದ ವಾರ್ಡ್ಲಿಗೆ ಉಸಿಕ್ ಎದುರು ನಿಲ್ಲುವ ಅವಕಾಶ ಸಿಗಬೇಕಿತ್ತು. ಗಾಯ ಇತ್ತು, ವಯಸ್ಸು 38 ಆಗಿತ್ತು, ಇಷ್ಟು ದೊಡ್ಡ ಪಂದ್ಯಗಳನ್ನು ಆಡಿದವರಿಗೆ ಸ್ವಲ್ಪ ವಿನಾಯಿತಿ ಕೊಡಬಹುದು ಅನ್ನಿಸುತ್ತದೆ. ಆದರೂ ಮುಂದೆ ಅವರು ಯಾರನ್ನು ಆರಿಸಿಕೊಂಡರೂ ಫ್ಯೂರಿಗೆ ಕೇಳಿದ್ದನ್ನೇ ಅವರಿಗೂ ಕೇಳುತ್ತೇನೆ.

ನಿಮ್ಮಲ್ಲಿ ಒಂದು ಮನವಿ ಇದೆ. ಹೆವಿವೇಟ್ ಪಂದ್ಯದ ಸುದ್ದಿ ಹಾಕುವಾಗ ಗೆದ್ದವರ ಹೆಸರು, ರೌಂಡು, ಕೋಟಿಗಟ್ಟಲೆ ಹಣ ಇವಷ್ಟನ್ನೇ ಹಾಕಿ ಸುಮ್ನೆ ಬಿಡಬೇಡಿ. ಎದುರಾಳಿಯ ಹಿಂದಿನ ಐದು ಪಂದ್ಯಗಳ ಫಲಿತಾಂಶ ಹಾಕಿ. ಆ ಹೊತ್ತಿಗೆ ಯಾರು ಕಡ್ಡಾಯ ಎದುರಾಳಿ ಆಗಿದ್ದರು, ಎಷ್ಟು ದಿನದಿಂದ ಕಾಯುತ್ತಿದ್ದಾರೆ ಎಂದು ಒಂದು ಸಾಲು ಹಾಕಿ. ಎರಡು ಇಂಚು ಜಾಗ ಸಾಕು. ಓದುವ ಹುಡುಗರು ಆಮೇಲೆ ತಾವೇ ಮಾತಾಡಿಕೊಳ್ಳುತ್ತಾರೆ.

ಇಂತಿ,
ನಿಮ್ಮ ಹಳೆಯ ಓದುಗ,
ಮೈಸೂರು