ಬೇರೆ ಕೆಲಸವಿಲ್ಲದ ಒಬ್ಬ ಅಧಿಕಾರಿಯನ್ನು ಕೊಡಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಿಮ್ಮ ಕಚೇರಿಗೆ ಕೊಟ್ಟ ಮನವಿಗಳಿಗೆಲ್ಲ ಮುದ್ರೆ ಬಿದ್ದಿದೆ, ಉತ್ತರ ಬಂದಿಲ್ಲ. ಕೇಳಿದರೆ ನಿಮ್ಮ ಪಿಎ, ‘ಸಾಹೇಬ್ರ ಗಮನಕ್ಕ ತಂದೀವ್ರಿ’ ಅಂತಾರೆ. ಗಮನಕ್ಕೆ ಬಂದ ಮೇಲೂ ಏನೂ ಆಗದಿದ್ದರೆ ನಾಲ್ಕು ಜನರ ಮುಂದೆ ಕೇಳಬೇಕಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಾವೇರಿ ಜಿಲ್ಲೆಯ ಒಬ್ಬ ಪ್ಯಾರಾ ಲೀಗಲ್ ವಾಲಂಟಿಯರ್. ಕೋರ್ಟ್ ಕಡೆ ಪಿಎಲ್‌ವಿ ಅಂತಾರೆ. ವಕೀಲೆ ಅಲ್ಲ, ಮನೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡವಳು. ಗಂಡನ ಹೊಡೆತ ತಿಂದು ಬಂದವರನ್ನು, ಕೆಲಸ ಕೊಡಿಸುತ್ತೇವೆ ಅಂತ ಕರೆದೊಯ್ದು ಮಾರಿದ ಕಡೆಯಿಂದ ಬಿಡಿಸಿಕೊಂಡು ಬಂದವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗುತ್ತೇನೆ. ಅರ್ಜಿ ಬರೆಸುತ್ತೇನೆ. ತಾರೀಖಿನ ದಿನ ಕೋರ್ಟ್ ಹೊರಗೆ ಅವರ ಪಕ್ಕ ಕೂರುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಇಂಥವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೆ ಸಾಕು. ಅಷ್ಟರ ಮಟ್ಟಿಗೆ ವ್ಯವಸ್ಥೆ ಇದೆ, ಇಲ್ಲ ಅನ್ನುವುದಿಲ್ಲ.

ಇಲ್ಲದಿರುವುದು ಒಂದೇ. ನಮ್ಮ ತಾಲ್ಲೂಕಿಗೆ ಬೇರೆ ಯಾವ ಕೆಲಸವೂ ಇಲ್ಲದ ಒಬ್ಬ ಸಂರಕ್ಷಣಾಧಿಕಾರಿ ಬೇಕು, ಅಂದರೆ ಮನೆಯಲ್ಲಿ ಹೊಡೆತ ತಿಂದವರ ದೂರು ಕೇಳಿ ಕೋರ್ಟಿನ ರಕ್ಷಣೆ ಸಿಗುವಂತೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ. ಪತ್ರ ಪೂರ್ತಿ ಓದಲು ನಿಮಗೆ ಪುರುಸೊತ್ತಿಲ್ಲದಿದ್ದರೆ ಇಷ್ಟು ಓದಿದರೂ ನಡೆಯುತ್ತದೆ.

ಕಾನೂನು ಮಾಡುವ ಸಭೆಯಲ್ಲಿ ಕೂರುವ ನಿಮಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯನ್ನು ನಾನು ಹೇಳಿಕೊಡಬೇಕಿಲ್ಲ. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ತಾರೀಖು ಇಡಬೇಕು, ಅಲ್ಲಿಂದ ಅರವತ್ತು ದಿನದಲ್ಲಿ ತೀರ್ಮಾನ ಮಾಡಲು ನೋಡಬೇಕು, ಎದುರು ಪಾರ್ಟಿಗೆ ನೋಟಿಸ್ ಎರಡು ದಿನದೊಳಗೆ ಮುಟ್ಟಬೇಕು. ಮುಟ್ಟಿಸಬೇಕಾದವರು ಸಂರಕ್ಷಣಾಧಿಕಾರಿ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಆ ಹೊಣೆ ಸಿಡಿಪಿಒ, ಅಂದರೆ ಮಹಿಳಾ ಮತ್ತು ಮಕ್ಕಳ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ತಲೆ ಮೇಲಿದೆ. ಅದೇ ಸಿಡಿಪಿಒ ಅಂಗನವಾಡಿಗಳನ್ನೂ ನೋಡಬೇಕು. ಮಕ್ಕಳ ಮೊಟ್ಟೆ, ಬಾಣಂತಿಯರ ಊಟ, ತೂಕದ ಲೆಕ್ಕ, ಮೀಟಿಂಗು, ಮೇಲಿನವರ ವಿಡಿಯೋ ಕಾನ್ಫರೆನ್ಸು. 2023ರಿಂದ ಗೃಹಲಕ್ಷ್ಮಿಯೂ ಅದೇ ಇಲಾಖೆಗೆ ಬಂತು. ಈಗ ಆ ಕಚೇರಿಗೆ ಹೋಗಿ ನೋಡಿ. ‘ನಂದು ಎರಡು ಸಾವಿರ ಯಾಕ ಬಂದಿಲ್ರಿ’ ಅನ್ನುವವರ ಸಾಲು ಮೆಟ್ಟಿಲು ದಾಟಿ ಹೊರಗೆ ನಿಂತಿರುತ್ತದೆ. ಆ ಸಾಲಿನಲ್ಲಿ ತುಟಿ ಒಡೆದುಕೊಂಡು ಬಂದವಳೂ ನಿಲ್ಲಬೇಕು. ತನ್ನ ಕಥೆಯನ್ನು ಎಲ್ಲರ ಮುಂದೆ ಹೇಳಬೇಕು. ಸಾಲಿನಲ್ಲಿ ಅವಳ ಅತ್ತೆಯೇ ಇರಬಹುದು. ರೇಷನ್ ಕಾರ್ಡಿನ ಯಜಮಾನಿ ಅತ್ತೆ ಆಗಿದ್ದರೆ ಆ ದುಡ್ಡೂ ಅತ್ತೆಗೇ ಅಲ್ವಾ?

ನಮ್ಮ ಅಧಿಕಾರಿ ಕೆಟ್ಟವರಲ್ಲ. ಸುಸ್ತಾಗಿದ್ದಾರೆ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಕರ್ತವ್ಯ ಮಾಡದ ಸಂರಕ್ಷಣಾಧಿಕಾರಿಗೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಕಾಯ್ದೆಯಲ್ಲೇ ಇದೆ. ಆದರೆ ಕೇಸು ಹಾಕಲು ಮೊದಲು ಸರ್ಕಾರದ ಒಪ್ಪಿಗೆ ಬೇಕು. ಅಂದರೆ ಆಳು ಕೊಡದ ಸರ್ಕಾರವನ್ನೇ ಹೋಗಿ ಕೇಳಬೇಕು! ನಗು ಬರುತ್ತದೆ ಸಾಹೇಬ್ರೇ.

ನನ್ನನ್ನು ಈ ಪತ್ರ ಬರೆಯುವ ಮಟ್ಟಕ್ಕೆ ತಂದ ಸಂಗತಿ ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಮಾಡುವ ಹೆಂಗಸು. ಗಂಡ ಕೋಲಿನಿಂದ ಹೊಡೆದು ಬಲಗೈ ಮುರಿದಿದ್ದ. ಹೊಟ್ಟೆಪಾಡೇ ಕೈಮೇಲೆ ನಿಂತವಳು. ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು, ಸಮಿತಿ ವಕೀಲರನ್ನು ಕೊಟ್ಟಿತು, ಅರ್ಜಿ ಹೋಯಿತು, ಕೋರ್ಟ್ ನೋಟಿಸ್ ಹೊರಡಿಸಿತು. ನೋಟಿಸ್ ಸಿಡಿಪಿಒ ಕಚೇರಿಗೆ ಬಂದು ಅಲ್ಲೇ ಕೂತಿತು. ಮೊದಲ ಸಲ ಹೋದಾಗ ಮೇಡಂ ಮೀಟಿಂಗ್‌ಗೆ ಹೋಗಿದ್ದರು. ಆಮೇಲೆ ಹೋದಾಗ ಗಾಡಿಗೆ ಡೀಸೆಲ್ ಇರಲಿಲ್ಲ. ಅಂಗನವಾಡಿ ಕಾರ್ಯಕರ್ತೆ ಕೈಯಲ್ಲಿ ಕಳಿಸಬಹುದು ಅಂದರು, ಆದರೆ ಆ ಮನುಷ್ಯನ ಬಾಯಿಗೆ ಅವಳೂ ಹೆದರಿದಳು. ಹೆದರದೆ ಏನು ಮಾಡುತ್ತಾಳೆ? ಅದೇ ಊರಲ್ಲಿ ಬಾಳಬೇಕು.

ಒಂದು ದಿನ ಕಚೇರಿಯವರು ಆ ಹೆಂಗಸಿಗೇ ಫೋನ್ ಮಾಡಿ ಕರೆಸಿದರು. ನಾನು ಅಂದು ಬೇರೆ ಕೇಸಿಗೆ ಹಾವೇರಿಗೆ ಹೋಗಿದ್ದೆ. ರಿಜಿಸ್ಟರ್‌ನಲ್ಲಿ ಅವಳ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು, ಲಕೋಟೆ ಕೈಗೆ ಕೊಟ್ಟು ಹೇಳಿದರಂತೆ: ‘ನಿನ್ನ ಗಂಡನ ಅಲ್ಲೇನವಾ? ಸಂಜಿಗೆ ಕೊಟ್ಟು ಸಹಿ ಹಾಕಿಸ್ಕೊಂಡ ಬಾ.’

ಹೊಡೆದವನಿಗೆ ಕೋರ್ಟಿನ ನೋಟಿಸು. ಒಯ್ಯುವವಳು ಹೊಡೆತ ತಿಂದವಳು. ತವರಿನಲ್ಲಿದ್ದವಳು ಅದನ್ನು ಹಿಡಿದು ಮತ್ತೆ ಆ ಹೊಸ್ತಿಲಿಗೆ ಹೋದಳು. ಸರ್ಕಾರಿ ಕಚೇರಿಯವರು ಹೇಳಿದ ಮೇಲೆ ಹೋಗಲೇಬೇಕು ಅಂದುಕೊಂಡಿದ್ದಳು. ಅವನು ಸಹಿ ಹಾಕಲಿಲ್ಲ. ಏನು ಮಾಡಿದ ಅಂತ ನಾನು ಬರೆಯುವುದಿಲ್ಲ, ಆಸ್ಪತ್ರೆಯವರು ಬರೆದಿದ್ದಾರೆ.

ಕಚೇರಿಯಿಂದ ಕೋರ್ಟಿಗೆ ಹೋದ ವರದಿಯಲ್ಲಿ ಏನಿತ್ತು ಗೊತ್ತೇ? ‘ಎದುರುದಾರರು ನೋಟಿಸ್ ಪಡೆಯಲು ನಿರಾಕರಿಸಿದ್ದಾರೆ.’ ಎಷ್ಟು ನೀಟಾದ ವಾಕ್ಯ!

ನಾನು ಹೋಗಿ ಜೋರು ಮಾಡಿದೆ. ಅಲ್ಲಿದ್ದವರೊಬ್ಬರು ನನಗೇ ನಿಯಮ ತೋರಿಸಿದರು. ಸಂರಕ್ಷಣಾಧಿಕಾರಿ ಅಥವಾ ಅವರು ಹೇಳಿದ ಬೇರೆ ವ್ಯಕ್ತಿ ನೋಟಿಸ್ ಮುಟ್ಟಿಸಬಹುದು ಅಂತ ನಿಯಮದಲ್ಲಿ ಇರುವುದು ನಿಜ. ಹೊಡೆತ ತಿಂದವಳೂ ‘ಬೇರೆ ವ್ಯಕ್ತಿ’ಯೇ ಅಂತ ಓದಿಕೊಂಡಿದ್ದಾರೆ. ಇಂಥ ಓದು ಯಾವ ಕಾನೂನು ಕಾಲೇಜಿನಲ್ಲೂ ಕಲಿಸುವುದಿಲ್ಲ.

ಬೇರೆ ಕೆಲಸವಿಲ್ಲದ ಒಬ್ಬ ಅಧಿಕಾರಿ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಅವರಿಗೊಂದು ಗಾಡಿ, ಜೊತೆಗೊಬ್ಬ ಪೊಲೀಸ್. ಇದೇನು ಜಾಸ್ತಿ ಕೇಳಿದಂತಾಯಿತೇ?

ನನ್ನ ಪಾಡು ಯಾರಿಗೆ ಬೇಕು, ಆದರೂ ಹೇಳುತ್ತೇನೆ. ನಮಗೆ ಕೊಡುವ ಗೌರವಧನ ಯಾವಾಗ ಬರುತ್ತದೆ ಅಂತ ಬ್ಯಾಂಕಿಗೂ ಗೊತ್ತಿರುವುದಿಲ್ಲ. ಜೆರಾಕ್ಸ್, ಆಟೋ, ಕೋರ್ಟಿನ ಹೊರಗೆ ಆ ಮಕ್ಕಳಿಗೆ ಚಹಾ, ಬಿಸ್ಕತ್ತು, ಎಲ್ಲ ಹೊಲಿಗೆ ದುಡ್ಡಿನಿಂದ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಗಂಡನ ಹತ್ತಿರ ಬಸ್ ಚಾರ್ಜ್ ಕೇಳದೆ ತಾಲ್ಲೂಕಿಗೆ ಬರುತ್ತಾರೆ, ಇದನ್ನು ಒಪ್ಪಲೇಬೇಕು. ಆದರೆ ರಾತ್ರಿ ಉಟ್ಟ ಸೀರೆಯಲ್ಲೇ ಓಡಿ ಬಂದವಳ ಹತ್ತಿರ ಆಧಾರ್ ಕಾರ್ಡ್ ಇರುತ್ತದೆಯೇ? ಅದು ಗಂಡನ ಟ್ರಂಕಿನಲ್ಲಿರುತ್ತದೆ. ಕಂಡಕ್ಟರ್ ಟಿಕೆಟ್ ಕೇಳುತ್ತಾರೆ, ಅವರ ತಪ್ಪಲ್ಲ. ಟಿಕೆಟ್ ದುಡ್ಡು ನಾನೇ ಫೋನಿನಲ್ಲಿ ಹಾಕಿದ್ದೂ ಉಂಟು.

ರಾತ್ರಿ ಹೊತ್ತು ಬಂದವರನ್ನು ಎಲ್ಲಿಡಲಿ? ಹಿಂಸೆಗೆ ಸಿಕ್ಕ ಹೆಂಗಸರಿಗೆ ಅಂತ ಸರ್ಕಾರ ಮಾಡಿದ ಸಖಿ ಕೇಂದ್ರ ಇರುವುದು ಜಿಲ್ಲಾ ಕೇಂದ್ರದಲ್ಲಿ, ಅಲ್ಲೂ ಇಟ್ಟುಕೊಳ್ಳುವುದು ಐದು ದಿನದ ಮಟ್ಟಿಗೆ. ಹಾಗಾಗಿ ನಮ್ಮ ಮನೆಯ ಪಡಸಾಲೆಯೇ ಎಷ್ಟೋ ಸಲ ಆಶ್ರಯ ಕೇಂದ್ರ. ನಮ್ಮತ್ತೆ ಗೊಣಗುತ್ತಲೇ ರೊಟ್ಟಿ ಬಡಿಯುತ್ತಾರೆ. ಬಾಗಿಲಿಗೆ ಬಂದು ಬೈಯುವ ಗಂಡಂದಿರಿಗೆ ಉತ್ತರ ಕೊಡುವವರೂ ಅವರೇ. ಓಣಿಯಲ್ಲಿ ನನಗೆ ‘ಮನಿ ಒಡಿಯಾಕಿ’ ಅಂತ ಹೆಸರು ಬಿದ್ದಿದೆ. ಬೀಳಲಿ ಬಿಡಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಹೊಡೆತದ ಮನೆಯಿಂದ ಓಡುವವಳನ್ನೇ ಏಜೆಂಟರು ಕಾಯುತ್ತಿರುತ್ತಾರೆ. ಒಬ್ಬ ಹುಡುಗಿ ಇದೇ ಕಚೇರಿಗೆ ದೂರು ಹಿಡಿದು ಬಂದಿದ್ದಳು. ‘ಮುಂದಿನ ವಾರ ಬಾ’ ಅಂದು ಕಳಿಸಿದರು. ಆ ವಾರದೊಳಗೆ ಪರಿಚಯದ ಹೆಂಗಸೊಬ್ಬಳು ‘ಗೋವಾದಾಗ ಮನಿಕೆಲಸ ಐತಿ’ ಅಂದಳು. ಹುಬ್ಬಳ್ಳಿಯಿಂದ ರೈಲು ಹತ್ತಿಸಿದಳು. ಅಲ್ಲಿ ಮನೆಗೆಲಸ ಇರಲಿಲ್ಲ. ಅವಳು ತಪ್ಪಿಸಿಕೊಂಡು ವಾಪಸ್ ಬಂದಾಗ ಠಾಣೆಯಲ್ಲಿ ಹೇಳಿದ್ದು, ‘ಗೋವಾದಾಗ ಆಗೇತಿ, ಅಲ್ಲೇ ಕೊಡ್ರಿ.’ ಸುಳ್ಳು ಆಸೆ ತೋರಿಸಿ ಇಲ್ಲಿಂದ ಕರೆದೊಯ್ದದ್ದೇ ಭಾರತೀಯ ನ್ಯಾಯ ಸಂಹಿತೆಯ 143ರ ಪ್ರಕಾರ ಅಪರಾಧ. ಅದು ನಡೆದದ್ದು ನಮ್ಮ ಜಿಲ್ಲೆಯಲ್ಲಿ. ಹಾಗಲ್ಲದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಲೇಬೇಕು ಅಂತ 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನು ಹೇಳುತ್ತದೆ. ವಕೀಲರು ಬಂದು ಕೂತ ಮೇಲೆ ಬರೆದುಕೊಂಡರು. ಆದರೆ ನನಗೆ ಕಾಡುವುದು ಠಾಣೆ ಅಲ್ಲ, ಆ ‘ಮುಂದಿನ ವಾರ’. ಅಂದು ಅವಳ ಮಾತು ಕೇಳಲು ಒಬ್ಬ ಅಧಿಕಾರಿ ಕುರ್ಚಿಯಲ್ಲಿ ಇದ್ದಿದ್ದರೆ?

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು: ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಆರು ವಾರದಲ್ಲಿ ಗೊತ್ತುಮಾಡಿ ಅಂತ. ನಮ್ಮಲ್ಲಿ ಆಗಲೇ ಸಿಡಿಪಿಒ ಇದ್ದಾರಲ್ಲ! ಹಾಗಾಗಿ ಕಾಗದದ ಮೇಲೆ ನಾವು ಪಾಸು. ಹುದ್ದೆ ಖಾಲಿ ಇಲ್ಲ, ಹೆಸರಿನ ಬೋರ್ಡಿದೆ, ಮಾಡುವ ಆಳಿಗೆ ಮಾತ್ರ ಪುರುಸೊತ್ತಿಲ್ಲ. ‘ಹೆಚ್ಚುವರಿ ಪ್ರಭಾರ’ ಅಂತ ಬರೆದ ಆ ಹುದ್ದೆ ನಮಗೆ ಬೇಡ. ಇದೇ ಕೆಲಸಕ್ಕೆ ಅಂತ ಒಬ್ಬರನ್ನು ಕೊಡಿ.

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅಂತ ದಯವಿಟ್ಟು ನಮ್ಮ ಮುಂದೆ ಹೇಳಬೇಡಿ. ಹೋದ ಸಲ ಮಹಿಳಾ ದಿನಾಚರಣೆಯ ವೇದಿಕೆಯಲ್ಲಿ ಹೇಳಿದಿರಿ, ಜನ ನಕ್ಕರು. ಕೈ ಮುರಿಸಿಕೊಂಡ ಆ ಹೆಂಗಸು ಅಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು.

ಬೆಳಗಾವಿ ಅಧಿವೇಶನದಲ್ಲಿ ಒಂದೇ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಸದನದಲ್ಲೇ ಎದ್ದು ಉತ್ತರ ಕೊಡಬೇಕಾದ ಪ್ರಶ್ನೆ ಕೇಳಿ. ನಿಮಗೆ ತೊಂದರೆ ಬೇಡ, ನಾನೇ ಬರೆದಿದ್ದೇನೆ: ‘ಹಾವೇರಿ ಜಿಲ್ಲೆಯಲ್ಲಿ 2005ರ ಕಾಯ್ದೆಯಡಿ ಬೇರೆ ಯಾವ ಹೊಣೆಯೂ ಇಲ್ಲದ ಸಂರಕ್ಷಣಾಧಿಕಾರಿಗಳು ಎಷ್ಟು ಜನ ಇದ್ದಾರೆ? ಇಲ್ಲದಿದ್ದರೆ ಪ್ರತಿ ತಾಲ್ಲೂಕಿಗೂ ಯಾವಾಗ ನೇಮಿಸುತ್ತೀರಿ?’

ಅದಕ್ಕೆ ಉತ್ತರ ಬರುವ ತನಕ ಇನ್ನೊಂದು ಕೆಲಸ ಮಾಡಿ. ಕಚೇರಿಗೆ ನೀವೇ ಫೋನ್ ಮಾಡಿ, ನೋಟಿಸ್ ಇನ್ನು ಮುಂದೆ ಹೊಡೆತ ತಿಂದವರ ಕೈಗೆ ಕೊಡಕೂಡದು ಅಂತ ಹೇಳಿ. ಅದಕ್ಕೆ ಅಧಿವೇಶನ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು, ಪಿಎಲ್‌ವಿ
ಹಾವೇರಿ ಜಿಲ್ಲೆ