ಸಿಂಹ ನೋಡಲು ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಫೋನ್ ಮಾಡಿ, ಸೆಪ್ಟೆಂಬರ್‌ನಲ್ಲಿ, ಕಾಫಿ ಕುಯ್ಲು ಶುರುವಾಗುವ ಮುಂಚೆ, ಮನೆಯವರನ್ನೆಲ್ಲ ಕರೆದುಕೊಂಡು ಆಫ್ರಿಕಾಕ್ಕೆ ಹೊರಟಿದ್ದೀವಿ ಅಂದೆ. ಕೇಳಿ ತುಂಬ ಖುಷಿಯಾಯಿತು. ಆಮೇಲೆ ಕೇಳಿದೆ: "ಕೀನ್ಯಾದ ಮಸಾಯ್ ಮಾರಾಕ್ಕೆ ಎಷ್ಟು ದಿನ ಇಡೋಣ? ನೀನು ಹೋದಾಗ ಎಷ್ಟು ಸಿಂಹ ನೋಡಿದೆ?"

ಒಂದೂ ನೋಡಲಿಲ್ಲ ಅಂದೆ. ನೀನು "ಛೆ" ಅಂದೆ. ಆ "ಛೆ" ನನ್ನ ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ಈ ಪತ್ರ.

ಮಾರಾಕ್ಕೆ ಹೋಗಬೇಡ ಅನ್ನುತ್ತಿಲ್ಲ. ಸೆಪ್ಟೆಂಬರ್‌ನಲ್ಲಿ ಅಲ್ಲಿ ವಿಲ್ಡೆಬೀಸ್ಟ್ ಹಿಂಡುಗಳು ನದಿ ದಾಟುತ್ತವೆ, ಪುಟ್ಟಿ ನೋಡಲಿ. ಆದರೆ ಬರೀ ಜೀಪಿನಲ್ಲಿ ಕೂತು ಪ್ರಾಣಿಗಳನ್ನಷ್ಟೇ ನೋಡಿಕೊಂಡು ವಾಪಸ್ ಬರಬೇಡ. ನಮ್ಮ ಕಡೆಗೆ ಬಂದ ಯಾರೋ ನಾಗರಹೊಳೆಯ ಆನೆ ನೋಡಿ, ಒಂದು ಮನೆಯಲ್ಲೂ ಕಾಫಿ ಕುಡಿಯದೆ, ಒಂದು ಸಂತೆಗೂ ಹೋಗದೆ, "ಕರ್ನಾಟಕ ನೋಡಿದೆ" ಅಂದರೆ ನಿನಗೆ ಹೇಗನಿಸುತ್ತೆ? ಆಫ್ರಿಕಾದಲ್ಲಿರುವುದು 54 ದೇಶ. ಅದರಲ್ಲಿ ಒಂದಾದರೂ ದೇಶದ ಜನರ ಜೊತೆ ಕೂತು ಉಂಡು ಬಾ.

ನೈರೋಬಿಗೆ ಹೋಗುವ ದಾರಿಯಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಇಳಿ. ಒಂದು ವಾರ ಅಲ್ಲಿಗೇ ಇಡು. ಅದೇ ಯಾಕೆ ಅಂದರೆ, 2019ರ ಸೆಪ್ಟೆಂಬರ್‌ನಲ್ಲಿ ನಾನು ನೋಡಿಬಂದ ದೇಶ ಅದು. ಜೊತೆಗೆ, ನಿನ್ನ ತೋಟದ ಗಿಡಗಳಿಗೆ ಅದೇ ತವರು.

ಅಡಿಸ್ ಅಬಾಬಾ ಅಂದರೆ ಅಮ್ಹಾರಿಕ್ ಭಾಷೆಯಲ್ಲಿ "ಹೊಸ ಹೂವು". 1886ರಲ್ಲಿ ಎರಡನೇ ಮೆನೆಲಿಕ್ ದೊರೆ ಮತ್ತು ಅವನ ರಾಣಿ ತಾಯ್ತು ಕಟ್ಟಿಸಿದ ಊರು. ಹೆಸರಿಟ್ಟವಳು ರಾಣಿಯೇ. ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಎತ್ತರ. ನಿಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್ ಅಲ್ವಾ, ಅದಕ್ಕಿಂತ ಮೇಲೆ ಒಂದು ದೊಡ್ಡ ರಾಜಧಾನಿ. ಮೊದಲ ಎರಡು ದಿನ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಅಮ್ಮನನ್ನು ನಿಧಾನವಾಗಿ ನಡೆಸು. ಎಲ್ಲರಿಗೂ ಸ್ವೆಟರ್ ಇಟ್ಟುಕೋ. ಊರಿನ ಬೆನ್ನಿಗೆ ಎಂಟೊಟೊ ಬೆಟ್ಟ, ಅದರ ತುಂಬ ನೀಲಗಿರಿ ಮರ. ಮೆನೆಲಿಕ್ ಕಾಲದಲ್ಲಿ ಸೌದೆಗೆ ಅಂತ ಹೊರಗಿನಿಂದ ತರಿಸಿ ನೆಟ್ಟದ್ದು. ಮಳೆ ನಿಂತ ಬೆಳಿಗ್ಗೆ ಆ ವಾಸನೆ ಊರಿಗೆಲ್ಲ ಇಳಿಯುತ್ತದೆ.

ಸೆಪ್ಟೆಂಬರ್‌ನಲ್ಲಿ ಅವರಿಗೆ ಹೊಸ ವರ್ಷ. ಮಳೆಗಾಲ ಮುಗಿದು ಗುಡ್ಡಗಳೆಲ್ಲ "ಆದೆಯ್ ಅಬಾಬಾ" ಅನ್ನುವ ಹಳದಿ ಹೂವಿನಿಂದ ತುಂಬಿರುತ್ತವೆ. ಹುಡುಗಿಯರು ಆ ಹೂವಿನ ಗೊಂಚಲು ಹಿಡಿದು ಹಾಡುತ್ತಾ ಮನೆಮನೆಗೆ ಬರುತ್ತಾರೆ. ನಾನು ಹೋಗಿದ್ದು 2019ರಲ್ಲಿ, ಅವರಿಗೆ ಆಗತಾನೆ 2012 ಶುರುವಾಗಿತ್ತು. ಅವರ ಪಂಚಾಂಗವೇ ಬೇರೆ. 30 ದಿನಗಳ ಹನ್ನೆರಡು ತಿಂಗಳು, ಕೊನೆಗೆ ಐದೋ ಆರೋ ದಿನಗಳ ಹದಿಮೂರನೇ ತಿಂಗಳು. ಗಡಿಯಾರವೂ ಬೇರೆ. ಹೊತ್ತು ಹುಟ್ಟಿದಾಗಿನಿಂದ ಲೆಕ್ಕ, ನಮ್ಮ ಬೆಳಗಿನ 7 ಗಂಟೆ ಅವರಿಗೆ 1 ಗಂಟೆ. ಬಸ್ಸಿಗೋ ಕಾರಿಗೋ ಹೇಳುವಾಗ ಯಾರ ಲೆಕ್ಕದ ಗಂಟೆ ಅಂತ ಕೇಳಿಕೋ.

ಪುಟ್ಟಿಗೆ ಇಷ್ಟವಾಗುವ ಎರಡು ವಿಷಯ ಹೇಳುತ್ತೇನೆ. ಒಂದು, ಅಲ್ಲಿನ ನ್ಯಾಷನಲ್ ಮ್ಯೂಸಿಯಂನಲ್ಲಿರುವ ಲೂಸಿ. 1974ರಲ್ಲಿ ಅಫಾರ್ ಸೀಮೆಯ ಹದಾರ್‌ನಲ್ಲಿ ಮೂಳೆಗಳಾಗಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಿಂದಿನ ನಮ್ಮ ಪೂರ್ವಜೆ. ಎತ್ತರ ಮೂರೂವರೆ ಅಡಿ, ಪುಟ್ಟಿಗಿಂತ ಗಿಡ್ಡ. ಅಲ್ಲಿಯವರು ಅವಳನ್ನು "ದಿಂಕಿನೆಶ್" ಅನ್ನುತ್ತಾರೆ. "ನೀನು ಅದ್ಭುತ" ಅಂತ ಅರ್ಥ. ಇನ್ನೊಂದು, ಅಲ್ಲಿನ ಅಕ್ಷರ. ಅಂಗಡಿ ಬೋರ್ಡುಗಳನ್ನು ನೋಡುತ್ತಾ ನಿಂತಿದ್ದ ನನಗೆ ಒಬ್ಬ ಹುಡುಗ ಬೆರಳಿಟ್ಟು ತೋರಿಸಿ ಓದಿಸಿದ. ಒಂದೊಂದು ವ್ಯಂಜನಕ್ಕೂ ಏಳು ರೂಪ, ಬೇರೆಬೇರೆ ಸ್ವರಕ್ಕೆ ಬೇರೆಬೇರೆ ಕೊಂಬು, ಬಾಲ. 33 ಮೂಲ ಅಕ್ಷರ, ಒಟ್ಟು 231. ಅವನು ಒಂದು ಸಾಲು ರಾಗವಾಗಿ ಹೇಳಿದಾಗ, ಸ್ಲೇಟು ಹಿಡಿದು ನಾವಿಬ್ಬರೂ ಕೂಗುತ್ತಿದ್ದ ಕ ಕಾ ಕಿ ಕೀ ಕಿವಿಯಲ್ಲಿ ಕೇಳಿಸಿತು. ಕಾಗುಣಿತವೇ ಗೆಳೆಯಾ, ನಮ್ಮ ಕಾಗುಣಿತವೇ!

ಊಟದ ಬಗ್ಗೆ ನಿನಗೆ ಚಿಂತೆ. ಅಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ, ಎಂಟಿಆರ್ ಪೊಟ್ಟಣ ಎಷ್ಟು ಒಯ್ಯಲಿ ಅಂತ ಕೇಳಿದೆ. ಇಥಿಯೋಪಿಯಾಕ್ಕೆ ಒಂದೂ ಬೇಡ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಪ್ರತಿ ಬುಧವಾರ, ಶುಕ್ರವಾರ ಒಪ್ಪತ್ತು ಇದ್ದಹಾಗೆ. ಈಸ್ಟರ್‌ಗೆ ಮುಂಚೆ 55 ದಿನ ಬೇರೆ. ಆ ದಿನಗಳಲ್ಲಿ ಮಾಂಸವಷ್ಟೇ ಅಲ್ಲ, ಹಾಲು, ಬೆಣ್ಣೆ, ತುಪ್ಪ ಕೂಡ ಇಲ್ಲ. ಹೋಟೆಲಿನಲ್ಲಿ "ಯೆತ್ಸೋಮ್ ಬೆಯಾಯ್ನೆತು" ಅಂತ ಕೇಳು, ಅಂದರೆ ಉಪವಾಸದ ಬಗೆಬಗೆ ಊಟ. ಮೀನು ಬೇಡ ಅಂತ ಒಂದು ಮಾತು ಸೇರಿಸು. ಅಗಲವಾದ ತಟ್ಟೆಯ ಮೇಲೆ ದೋಸೆಯಂಥ ಇಂಜೆರಾ ಹಾಸಿ, ಅದರ ಮೇಲೆ ಅಲ್ಲಲ್ಲಿ ಮಸೂರ ಬೇಳೆಯ ಖಾರದ ಪಲ್ಯ, ಕಡಲೆಹಿಟ್ಟಿನ ಶಿರೊ, ಸೊಪ್ಪು, ಬೀಟ್‌ರೂಟ್, ಕೋಸು ಆಲೂಗಡ್ಡೆ ಬಡಿಸಿಕೊಂಡು ಬರುತ್ತಾರೆ. ನಮ್ಮ ಬಾಳೆಎಲೆ ಊಟದ ಹಾಗೇ, ಆದರೆ ಇಲ್ಲಿ ಎಲೆಯನ್ನೂ ತಿನ್ನಬಹುದು.

ಇಂಜೆರಾ ಮಾಡುವುದನ್ನು ನಾನು ಉಳಿದುಕೊಂಡಿದ್ದ ಮನೆಯ ಅಡುಗೆಮನೆಯಲ್ಲಿ ಕೂತು ನೋಡಿದೆ. ತೆಫ್ ಅಂತ ಒಂದು ಧಾನ್ಯ, ಸಾಸಿವೆಗಿಂತ ಸಣ್ಣದು. ಅದರ ಹಿಟ್ಟನ್ನು ಕಲಸಿ, ಹಿಂದಿನ ಸಲದ ಹುಳಿನೀರು ಸ್ವಲ್ಪ ಸೇರಿಸಿ ಎರಡು ಮೂರು ದಿನ ಹುಳಿ ಬರಿಸುತ್ತಾರೆ. ದೊಡ್ಡ ಮಣ್ಣಿನ ಕಾವಲಿಯ ಮೇಲೆ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಹೊಯ್ದು, ಮುಚ್ಚಳ ಮುಚ್ಚಿ, ಮಗುಚದೆ ಒಂದೇ ಕಡೆ ಬೇಯಿಸುತ್ತಾರೆ. ಮೇಲೆಲ್ಲ ಸಣ್ಣ ಸಣ್ಣ ತೂತು ಬೀಳುತ್ತದೆ. ಅದಕ್ಕೆ ಅವರು ಕಣ್ಣು ಅನ್ನುತ್ತಾರೆ. ಕಣ್ಣು ಚೆನ್ನಾಗಿ ಬಿದ್ದರೆ ಇಂಜೆರಾ ಚೆನ್ನಾಗಿದೆ ಅಂತ ಲೆಕ್ಕ. ಮೊದಲ ತುತ್ತಿಗೆ ಹುಳಿ ಜಾಸ್ತಿ ಅನಿಸಿತು. ಮೂರನೇ ದಿನದ ಹೊತ್ತಿಗೆ ಅದಿಲ್ಲದೆ ಊಟ ಸೇರುತ್ತಿರಲಿಲ್ಲ.

ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತು ಉಣ್ಣುತ್ತಾರೆ. ನಡುವೆ ಯಾರಾದರೂ ಒಂದು ದೊಡ್ಡ ತುತ್ತು ಸುತ್ತಿ ನಿನ್ನ ಬಾಯಿಗೇ ಇಡುತ್ತಾರೆ. ಅದಕ್ಕೆ ಗುರ್ಶಾ ಅಂತ ಹೆಸರು. ಬೇಡ ಅನ್ನಬಾರದು. ಆ ಮನೆಯ ಅಮ್ಮ ನನಗೆ ಮೊದಲ ಗುರ್ಶಾ ಕೊಟ್ಟಾಗ ನನ್ನ ಕಣ್ಣು ತುಂಬಿತು. ನನ್ನ ಅಮ್ಮ ಹೋದಮೇಲೆ ಯಾರೂ ನನಗೆ ಕೈತುತ್ತು ಹಾಕಿರಲಿಲ್ಲ.

ಇನ್ನೊಂದು ಮಾತು. ಸಂತೆಯಲ್ಲಿ ಒಂದು ಚೀಲದ ಬಾಯಿ ತೆರೆದಿತ್ತು, ಒಳಗೆ ರಾಗಿ! ಅಲ್ಲಿ ಅದಕ್ಕೆ ದಾಗುಸ್ಸಾ ಅನ್ನುತ್ತಾರೆ. ಇಂಜೆರಾಕ್ಕೂ ಬೆರೆಸುತ್ತಾರೆ, ತೆಲ್ಲಾ ಅನ್ನುವ ಮನೆ ಬಿಯರಿಗೂ ಬಳಸುತ್ತಾರೆ. ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ ಮೊದಲು ಬೆಳೆದ ಧಾನ್ಯ ಅದು, ಸಾವಿರಾರು ವರ್ಷ ಹಿಂದೆ ನಮ್ಮ ಕಡೆ ಬಂತು. ತುಮಕೂರು ಸೀಮೆಯ ಮುದ್ದೆ ತಿಂದು ಬೆಳೆದ ನಾನು, ಒಂದು ಹಿಡಿ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ.

ಉತ್ತರದ ಲಾಲಿಬೆಲಾ ಊರಿಗೂ ಆಗ ನಾನು ಹೋಗಿ ಬಂದೆ. 12-13ನೇ ಶತಮಾನದ ಹನ್ನೊಂದು ಚರ್ಚುಗಳು, ಒಂದನ್ನೂ ಕಲ್ಲು ಜೋಡಿಸಿ ಕಟ್ಟಿದ್ದಲ್ಲ. ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ಬಿಡಿಸಿದ್ದು. ಸೇಂಟ್ ಜಾರ್ಜ್ ಚರ್ಚಿನ ಮಾಡು ನಾವು ನಿಂತ ನೆಲದ ಮಟ್ಟಕ್ಕೇ ಇದೆ, ಶಿಲುಬೆಯ ಆಕಾರದಲ್ಲಿ. ಚರ್ಚು ಪೂರ್ತಿ ಕೆಳಗೆ ಹೊಂಡದಲ್ಲಿದೆ. ನನಗೆ ಎಲ್ಲೋರದ ಕೈಲಾಸ ನೆನಪಾಯಿತು. ನಮ್ಮ ರಾಷ್ಟ್ರಕೂಟರ ಕೃಷ್ಣ 8ನೇ ಶತಮಾನದಲ್ಲಿ ಮಾಡಿಸಿದ್ದೂ ಹೀಗೇ, ಮೇಲಿನಿಂದ ಕೆಳಕ್ಕೆ. ಬೆಳಗಿನ ಜಾವ ಬಿಳಿ ಶಾಲು ಹೊದ್ದ ಜನ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲಿಗೆ ಮುತ್ತಿಟ್ಟು ಒಳಗೆ ಹೋಗುತ್ತಿದ್ದರು. ಗಂಟೆಗಟ್ಟಲೆ ನಿಂತೇ ಪ್ರಾರ್ಥನೆ, ಒರಗಲು ಒಂದು ಉದ್ದ ಕೋಲು. ಅದು ನೋಡುವ ಸ್ಥಳವಲ್ಲ, ಜನ ಇವತ್ತಿಗೂ ಪೂಜೆ ಮಾಡುವ ಸ್ಥಳ.

ಆದರೆ ಈಗ ನಿನ್ನನ್ನು ಅಲ್ಲಿಗೆ ಹೋಗು ಅನ್ನಲಾರೆ. 2020ರ ನವೆಂಬರ್‌ನಲ್ಲಿ ಉತ್ತರದ ಟಿಗ್ರಾಯ್ ಪ್ರಾಂತ್ಯದಲ್ಲಿ ಯುದ್ಧ ಶುರುವಾಯಿತು, ಮರುವರ್ಷ ಲಾಲಿಬೆಲಾವರೆಗೂ ಬಂತು. 2022ರಲ್ಲಿ ಶಾಂತಿ ಒಪ್ಪಂದವಾಯಿತು. 2023ರಿಂದ ಲಾಲಿಬೆಲಾ ಇರುವ ಅಮ್ಹಾರಾ ಪ್ರಾಂತ್ಯದಲ್ಲಿ ಮತ್ತೆ ಗುಂಡಿನ ಸದ್ದು. ಅಲ್ಲಿ ನನಗೆ ದಾರಿ ತೋರಿಸಿದವರು, ಊಟ ಹಾಕಿದವರು ಹೇಗಿದ್ದಾರೋ ಅಂತ ಎಷ್ಟೋ ಸಲ ಯೋಚಿಸುತ್ತೇನೆ. ಟಿಕೆಟ್ ಮಾಡುವ ಮುಂಚೆ ನಮ್ಮ ರಾಯಭಾರ ಕಚೇರಿಯ ಸೂಚನೆ ಓದು. ಯಾವ ಊರಿಗೆ ಹೋಗುವುದಾದರೂ ಅಲ್ಲಿಯವರನ್ನೇ ವಿಚಾರಿಸು. ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೋ. ವಾಪಸ್ ಬಂದಾಗ ಇಲ್ಲಿ ಆ ಕಾರ್ಡು ಕೇಳುತ್ತಾರೆ.

ಆಗಬಹುದು ಅಂತ ಅವರು ಹೇಳಿದರೆ ಪೂರ್ವದ ಹರಾರ್ ಊರಿಗೆ ಹೋಗು. ದಿರೆ ದಾವಾಕ್ಕೆ ವಿಮಾನ, ಅಲ್ಲಿಂದ ಸುಮಾರು 50 ಕಿಲೋಮೀಟರ್ ಗುಡ್ಡದ ದಾರಿ. 16ನೇ ಶತಮಾನದಲ್ಲಿ ಅಮೀರ್ ನೂರ್ ಕಟ್ಟಿಸಿದ ಕೋಟೆಗೋಡೆ, ಐದು ಹಳೆಯ ಬಾಗಿಲು, ಒಳಗೆ 82 ಮಸೀದಿ. ಓಣಿಗಳು ಎಷ್ಟು ಕಿರಿದು ಅಂದರೆ ಎದುರಿಗೆ ಕತ್ತೆ ಬಂದರೆ ಗೋಡೆಗೆ ಒರಗಿ ನಿಲ್ಲಬೇಕು. ದರ್ಜಿಗಳು ಸಾಲಾಗಿ ಕೂತ ಒಂದು ಬೀದಿಗೆ "ಮಕಿನಾ ಗಿರ್ಗಿರ್" ಅಂತ ಹೆಸರು. ಹೊಲಿಗೆ ಮಿಷನ್ನಿನ ಗಿರಗಿರ ಸದ್ದೇ ಬೀದಿಯ ಹೆಸರಾಗಿದೆ. ಮನೆಯೊಳಗೆ ಹೋದರೆ ಮೆಟ್ಟಿಲಿನಂತೆ ಎತ್ತರೆತ್ತರದ ಜಗುಲಿ, ಗೋಡೆ ತುಂಬ ಬಣ್ಣದ ಬುಟ್ಟಿ. ಹೆಣ್ಣುಮಕ್ಕಳು ಹುಲ್ಲಿನಲ್ಲಿ ಹೆಣೆದದ್ದು.

ಅಲ್ಲಿ ನಾನು ನೋಡಿದ ಒಂದೇ ಕಾಡುಪ್ರಾಣಿ ಕತ್ತೆಕಿರುಬ. ಅದೂ ಊರಿನಲ್ಲೇ. ಕತ್ತಲಾದ ಮೇಲೆ ಕೋಟೆಯ ಹೊರಗೆ ಒಬ್ಬ ಕೂತು ಅವುಗಳನ್ನು ಹೆಸರು ಹಿಡಿದು ಕರೆದು ಮಾಂಸ ತಿನ್ನಿಸುತ್ತಿದ್ದ. ಅವು ಓಡಾಡಲಿ ಅಂತ ಕೋಟೆಗೋಡೆಯಲ್ಲೇ ಕಿಂಡಿ ಬಿಟ್ಟಿದ್ದಾರೆ.

ಒಂದು ರಾತ್ರಿ ಅಡಿಸ್‌ನಲ್ಲಿ ಅಜ್ಮಾರಿಗಳ ಹಾಡು ಕೇಳಿಸು. ಮಸಿಂಕೊ ಅಂತ ಒಂದೇ ತಂತಿಯ ವಾದ್ಯ ಬಾರಿಸುತ್ತಾ, ಎದುರು ಕೂತವರ ಮೇಲೆ ಆಗಿಂದಾಗ ಪದ ಕಟ್ಟಿ ಹಾಡುತ್ತಾರೆ. ಅವರ ತಿಜಿತಾ ಅನ್ನುವ ಮಟ್ಟಿನ ಒಂದು ಬಗೆಯಲ್ಲಿ ಇರುವುದು ಐದೇ ಸ್ವರ, ನಮ್ಮ ಮೋಹನ ರಾಗದ ಸ್ವರಗಳೇ. ನಿನ್ನ ಮನೆಯವರು ಸಂಗೀತ ಕಲಿತವರು, ಕೇಳಿದ ಕೂಡಲೇ ಹಿಡಿಯುತ್ತಾರೆ. ತಿಜಿತಾ ಅಂದರೆ ನೆನಪು.

ಕಾಫಿಯದ್ದು ಕೊನೆಗೆ ಇಟ್ಟುಕೊಂಡಿದ್ದೇನೆ. ಹರಾರ್‌ನಲ್ಲಿ ಕಾಫಿಯನ್ನು ಹಣ್ಣಿನ ಸಿಪ್ಪೆ ಸಮೇತ ಒಣಗಿಸುತ್ತಾರೆ, ನೀವು ಚೆರ್ರಿ ಮಾಡುವ ಹಾಗೆ. ನಿಮ್ಮಲ್ಲಿ ಗೊಬ್ಬರಕ್ಕೆ ಹೋಗುವ ಆ ಸಿಪ್ಪೆಯನ್ನು ಅಲ್ಲಿ ಕುದಿಸಿ ಕುಡಿಯುತ್ತಾರೆ. ಅಲ್ಲಿಂದ ಒಂದು ಸೇರಿನಷ್ಟು ಬೀಜ ತಂದು ಅಡಿಸ್‌ನ ಆ ಮನೆಯ ಅಮ್ಮನಿಗೆ ಕೊಟ್ಟೆ. ಹೊರಡುವ ಹಿಂದಿನ ದಿನ ಅವರು ನೆಲಕ್ಕೆ ಹಸಿ ಹುಲ್ಲು ಹರಡಿದರು. ಧೂಪ ಹಾಕಿದರು. ಬೀಜ ತೊಳೆದು, ಇದ್ದಿಲ ಮೇಲೆ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೂ ಹಿಡಿದರು. ಮಂಗಳಾರತಿ ತೆಗೆದುಕೊಳ್ಳುವ ಹಾಗೆ ನಾವು ಆ ಹೊಗೆಯನ್ನು ಕೈಯಿಂದ ಬಳಿದುಕೊಂಡು ಮೂಸಿದೆವು. ಕುಟ್ಟಿ, ಜೆಬೆನಾ ಅನ್ನುವ ಕರಿ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಎತ್ತರದಿಂದ ಸುರಿದರು. ಜೊತೆಗೆ ಅರಳು. ಮೊದಲ ಸುತ್ತು ಅಬೊಲ್, ಎರಡನೆಯದು ತೋನಾ, ಮೂರನೆಯದು ಬೆರೆಕಾ, ಅಂದರೆ ಆಶೀರ್ವಾದ. ಮೂರನೆಯದು ಕುಡಿಯದೆ ಏಳಬಾರದು. ಅಕ್ಕಪಕ್ಕದವರು ಬಂದರು. ಎರಡು ಗಂಟೆ ಯಾರೂ ಫೋನ್ ಮುಟ್ಟಲಿಲ್ಲ.

"ನಿಮ್ಮ ಊರಲ್ಲೂ ಕಾಫಿ ಬೆಳೆಯುತ್ತಾರಾ?" ಅಂತ ಆ ಅಮ್ಮ ಕೇಳಿದರು. ಅವರ ಮಗಳು ನನ್ನ ಇಂಗ್ಲಿಷನ್ನು ಅವರ ಭಾಷೆಗೆ ತಿರುಗಿಸುತ್ತಾ ಹೋದಳು, ನಾನು ಬಾಬಾಬುಡನ್ ಕಥೆ ಹೇಳಿದೆ. ಇಲ್ಲಿಂದ ಯೆಮೆನ್‌ಗೆ ಹೋದ ಗಿಡ, ಅಲ್ಲಿಂದ ಒಬ್ಬ ಸಂತ ತಂದ ಏಳು ಬೀಜ, ಆ ಗಿರಿಯ ಪಕ್ಕದಲ್ಲೇ ನನ್ನ ಗೆಳೆಯನ ತೋಟ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಅವನು ನಮ್ಮವನೇ, ಯಾವಾಗ ಬರುತ್ತಾನೆ?" ಅಂದರು.

ಅದಕ್ಕೇ ಹೇಳುತ್ತಿದ್ದೇನೆ, ಅಲ್ಲಿ ಇಳಿ. ಮನೆಯ ವಿಳಾಸ ಬೇರೆ ಕಳಿಸುತ್ತೇನೆ. ನಿನ್ನ ತೋಟದ ಅರೇಬಿಕಾ ಹುರಿದದ್ದು, ಚಿಕೋರಿ ಇಲ್ಲದ್ದು, ಒಂದು ಕೆಜಿ ಅವರಿಗೆ ಒಯ್ಯಿ. ನಾನು ತಂದ ಜೆಬೆನಾ ಹೋದ ವರ್ಷ ಕತ್ತಿನ ಹತ್ತಿರ ಬಿರುಕು ಬಿಟ್ಟಿತು. ಅಡಿಸ್‌ನ ಮರ್ಕಾಟೊ ಸಂತೆಯಲ್ಲಿ ಮಡಕೆಯವರ ಹತ್ತಿರ ಸಿಗುತ್ತದೆ, ಉದ್ದ ಕತ್ತಿನದ್ದು ನೋಡಿ ತಾ. ಸ್ವೆಟರಿನಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೋ. ಕುಯ್ಲು ಮುಗಿದ ಮೇಲೆ ನಾನೇ ಬರುತ್ತೇನೆ, ಮೂರು ಸುತ್ತಿಗೂ ಕೂರುವ ಹಾಗೆ ಬಿಡುವು ಮಾಡಿಕೊಂಡು.

ಅಮ್ಮನಿಗೆ ನಮಸ್ಕಾರ ತಿಳಿಸು. ಪುಟ್ಟಿಗೆ ಮುತ್ತು.

ನಿನ್ನ ಗೆಳೆಯ