ಟನ್ನಿಗೆ ಎಷ್ಟು ಗ್ರಾಂ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಕೆಜಿಎಫ್‌ನ ಸೈನೈಡ್ ಗುಡ್ಡಗಳಿಂದ, ಅಂದರೆ ಕೋಲಾರದ ಹಳೆಯ ಚಿನ್ನದ ಗಣಿಯಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯ ರಾಶಿಗಳಿಂದ, ಮತ್ತೆ ಚಿನ್ನ ತೆಗೆಯುವ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಅಲ್ಲಿ ಎಷ್ಟು ಕೋಟಿಯ ಚಿನ್ನ ಇದೆ ಅಂತ ದೊಡ್ಡ ಅಕ್ಷರದಲ್ಲಿ ಹಾಕುತ್ತವೆ. ಆ ಮಣ್ಣಿನಲ್ಲಿ ಟನ್ನಿಗೆ ಎಷ್ಟು ಗ್ರಾಂ ಚಿನ್ನ ಅನ್ನುವುದು ಮಾತ್ರ ಕೊನೆಯ ಸಾಲಿನಲ್ಲಿ ಬಂದರೆ ಬಂತು. ಅದೇ ಅಲ್ವಾ ಮುಖ್ಯ?

ಪವನ್ ಲೆಕ್ಕದಲ್ಲೇ ಹೇಳುತ್ತೇನೆ, ನಮ್ಮ ಮಂಗಳೂರು ಕಡೆ ಮದುವೆ ಮನೆಯಲ್ಲಿ ನಡೆಯುವುದು ಅದೇ. ಒಂದು ಪವನ್ ಅಂದರೆ 8 ಗ್ರಾಂ. ಆ ಗುಡ್ಡಗಳ ಮಣ್ಣಿನಲ್ಲಿ ಸರಾಸರಿ ಟನ್ನಿಗೆ ಒಂದು ಗ್ರಾಂ ಕೂಡ ಇಲ್ಲ, ಇರುವುದೆಲ್ಲ ಕೈಗೆ ಬರುವುದೂ ಇಲ್ಲ. ಅಂದರೆ ಮಗಳ ಕೈಗೆ ಒಂದು ಪವನ್‌ನ ಉಂಗುರ ಹಾಕಲು ಟಿಪ್ಪರ್ ತುಂಬ ಮಣ್ಣು ಬೇಕು. ಚಿನ್ನ ತೆಗೆದ ಮೇಲೂ ಅಷ್ಟೂ ಮಣ್ಣು ಅಲ್ಲೇ ಉಳಿಯುತ್ತದೆ.

ಇಷ್ಟು ಕಡಿಮೆ ಇದ್ದರೂ ಯಾಕೆ ಲಾಭ ಅಂದರೆ, ಖರ್ಚಿನ ಕೆಲಸ ಆಗಲೇ ಮುಗಿದಿದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕಲ್ಲು ತಂದವರು, ಅದನ್ನು ಹಿಟ್ಟಿನಂತೆ ಪುಡಿ ಮಾಡಿದವರು ಎಲ್ಲ ಹಿಂದಿನ ಕಾರ್ಮಿಕರು. ಈಗ ಆ ಪುಡಿಗೆ ಸುಣ್ಣ ಬೆರೆಸಿ ತೆಳು ಸೈನೈಡ್ ನೀರು ಸೇರಿಸಿದರೆ ಚಿನ್ನ ನೀರಿಗೆ ಬಿಡುತ್ತದೆ, ಆಮೇಲೆ ಅದನ್ನು ಇದ್ದಿಲು ಹೀರಿಕೊಳ್ಳುತ್ತದೆ. ಈ ಇದ್ದಿಲು ಹೆಚ್ಚಾಗಿ ತೆಂಗಿನ ಗೆರಟೆಯದು, ನಾವು ಬಚ್ಚಲ ಒಲೆಗೆ ಹಾಕುತ್ತಿದ್ದೆವಲ್ಲ, ಅದೇ! ಸುಣ್ಣ ಕಡಿಮೆಯಾದರೆ ವಿಷದ ಗಾಳಿ ಏಳುತ್ತದೆ, ಹಾಗಾಗಿ ಅಲ್ಲಿ ಕೈ ಬಿಗಿ ಮಾಡುವಂತಿಲ್ಲ.

ನಾನು ಇದರ ವಿರೋಧಿ ಅಲ್ಲ. ಹೊಸ ಗುಡ್ಡ ಅಗೆಯುವುದಕ್ಕಿಂತ ಹಳೆಯ ರಾಶಿಯನ್ನೇ ಕೆದಕುವುದು ಎಷ್ಟೋ ಮೇಲು. 13 ಗುಡ್ಡಗಳು, ಸುಮಾರು ಒಂದು ಸಾವಿರ ಎಕರೆ, ಇದಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಸರಿ. ಆದರೆ ಮತ್ತೆ ತೊಳೆದ ಲಕ್ಷಾಂತರ ಟನ್ ಮಣ್ಣು ಎಲ್ಲಿ ಹೋಗುತ್ತದೆ? ಕೋಲಾರದಂಥ ಬರದ ಜಿಲ್ಲೆಯಲ್ಲಿ ತೊಳೆಯಲು ನೀರು ಯಾವ ಕೆರೆಯದು? ರುಮೇನಿಯಾದ ಬಾಯಾ ಮಾರೆಯಲ್ಲಿ 2000ದ ಜನವರಿಯಲ್ಲಿ ಇಂಥದ್ದೇ ಹಳೆಯ ರಾಶಿ ತೊಳೆಯುತ್ತಿದ್ದ ಕಡೆ ಕಟ್ಟೆ ಒಡೆದು, ಸೈನೈಡ್ ನೀರು ತೀಸಾ ನದಿಗೆ ಹೋಗಿ ಲೆಕ್ಕವಿಲ್ಲದಷ್ಟು ಮೀನು ಸತ್ತವು. ಮೀನು ತಿನ್ನುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಾಳಿ ಬೀಸಿದರೆ ಆ ಗುಡ್ಡಗಳ ಧೂಳು ಈಗಲೂ ಸುತ್ತಲಿನ ಮನೆಗಳೊಳಗೆ ಬರುತ್ತದೆ. ರಾಶಿ ಕೆದಕುವಾಗ ಇನ್ನೂ ಜಾಸ್ತಿ ಆಗುತ್ತದೋ ಇಲ್ಲವೋ, ಗುತ್ತಿಗೆ ಹಿಡಿದವರು ಅದಕ್ಕೇನು ಮಾಡುತ್ತಾರೆ, ಕೆಲಸ ಅಲ್ಲಿಯ ಹಳೆಯ ಕಾರ್ಮಿಕರ ಮಕ್ಕಳಿಗೆ ಸಿಗುತ್ತದಾ ಅಂತ ನಿಮ್ಮ ವರದಿಗಾರರು ಒಮ್ಮೆ ಕೇಳಿ ಬರೆಯಲಿ. ಕೋಟಿಯ ಲೆಕ್ಕ ಆಮೇಲೆ ಹಾಕಿದರಾಯಿತು.

ಇತಿ,
ಒಬ್ಬ ಓದುಗ
ಮಂಗಳೂರು